ಎಂಟನೇ ಕ್ಲಾಸು ಯಾರ ಲೆಕ್ಕಕ್ಕೂ ಇಲ್ಲ: ಉಪನಿರ್ದೇಶಕರಿಗೊಂದು ಬಹಿರಂಗ ಪತ್ರ

ಗೆ,
ಉಪನಿರ್ದೇಶಕರು, ಶಾಲಾ ಶಿಕ್ಷಣ,
ನಮ್ಮ ಜಿಲ್ಲೆ.

ವಿಷಯ: ಸರ್ಕಾರಿ ಶಾಲೆಯ ಎಂಟನೇ ತರಗತಿ ಮಕ್ಕಳನ್ನು ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಗೆ ತಯಾರು ಮಾಡುವ ಬಗ್ಗೆ.

ಮಾನ್ಯರೇ,

ನಾನು ಟೀಚರ್ ಅಲ್ಲ. ನಮ್ಮ ಹೋಬಳಿಯ ಹೈಸ್ಕೂಲಿನ ಗೇಟಿನ ಎದುರು ಹನ್ನೊಂದು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವಳು. ಒಂದು ಮಷಿನ್, ಒಂದು ಕಂಪ್ಯೂಟರ್, ಲ್ಯಾಮಿನೇಷನ್, ಜೊತೆಗೆ ಪೆನ್ನು, ಸ್ಕೇಲು, ಗ್ರಾಫ್ ಹಾಳೆ. ಮಕ್ಕಳು ನನ್ನನ್ನು ಜೆರಾಕ್ಸ್ ಆಂಟಿ ಅಂತಲೇ ಕರೆಯುತ್ತಾರೆ. ಶಾಲೆಯ ಒಳಗೆ ಏನು ನಡೆಯುತ್ತದೋ ನನಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ಶಾಲೆಯ ಕಾಗದವೆಲ್ಲ ನನ್ನ ಗಾಜಿನ ಮೇಲೆ ಬಂದೇ ಹೋಗಬೇಕು. ಯಾವ ತಿಂಗಳಲ್ಲಿ ಯಾರು ಯಾವ ಕಾಗದ ಹಿಡಿದು ಓಡಿ ಬರುತ್ತಾರೆ ಅಂತ ನೋಡುತ್ತಿದ್ದರೆ ಸಾಕು, ಶಾಲೆಗೆ ಯಾವುದು ಮುಖ್ಯ, ಯಾವುದು ಅಲ್ಲ ಅನ್ನುವುದು ಗೊತ್ತಾಗಿಬಿಡುತ್ತದೆ.

ಜನವರಿಯಿಂದ ಮಾರ್ಚ್‌ವರೆಗೆ ನನ್ನ ಮಷಿನ್ ತಣ್ಣಗಾಗುವುದಿಲ್ಲ. ಎಸ್‌ಎಸ್‌ಎಲ್‌ಸಿ ಪಾಸಿಂಗ್ ಪ್ಯಾಕೇಜು, ಮಾದರಿ ಪ್ರಶ್ನೆಪತ್ರಿಕೆ, ಒಂದು ಅಂಕದ ಪ್ರಶ್ನೆಗಳ ಪಟ್ಟಿ, ನಕ್ಷೆ ಬಿಡಿಸುವ ಹಾಳೆ. ಮೇಷ್ಟ್ರುಗಳು ಸಂಜೆ ಏಳರವರೆಗೂ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಾರೆ. ಅದನ್ನು ನಾನು ತಪ್ಪು ಅನ್ನುವುದಿಲ್ಲ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ ಅಂತ ಟಿವಿಯಲ್ಲಿ ಇಡೀ ದಿನ ಓಡಿದ್ದು ನಾವೆಲ್ಲ ನೋಡಿದ್ದೇವೆ. ಜಿಲ್ಲೆಯ ಹೆಸರು ಕೆಳಗೆ ಬಂದರೆ ಮೊದಲು ಕರೆ ಬರುವುದು ನಿಮಗೆ, ನಿಮ್ಮಿಂದ ಬಿಇಒ ಅವರಿಗೆ, ಅವರಿಂದ ಹೆಡ್‌ಮಾಸ್ಟರಿಗೆ. ಹಾಗಾಗಿ ಹತ್ತನೇ ಕ್ಲಾಸಿಗೆ ಎಲ್ಲರೂ ಇದ್ದಾರೆ.

ಎಂಟನೇ ಕ್ಲಾಸಿನ ಕಾಗದ ಹಿಡಿದು ಬರುವವರು ಮಾತ್ರ ಇಲ್ಲ. ಬಂದರೂ ಕೊನೇ ದಿನ ಬರುತ್ತಾರೆ. ಅದೂ ಮೇಷ್ಟ್ರಲ್ಲ, ಕೂಲಿ ಬಿಟ್ಟು ಬಂದ ಅಪ್ಪಂದಿರು. ಅದರ ಬಗ್ಗೆಯೇ ಈ ಪತ್ರ.

ಎನ್‌ಎಂಎಂಎಸ್ ಅಂದರೆ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಇದನ್ನು ಓದುವ ಬೇರೆ ತಂದೆ ತಾಯಿಗೆ ಗೊತ್ತಿರಲಿ. ಇದು 2008ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ವಿದ್ಯಾರ್ಥಿವೇತನ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ ಎಂಟನೇ ಕ್ಲಾಸು ಓದುತ್ತಿರುವವರಿಗೆ ಮಾತ್ರ. ಖಾಸಗಿ ಶಾಲೆಯವರು ಬರೆಯುವ ಹಾಗಿಲ್ಲ. ಊಟ ವಸತಿ ಕೊಡುವ ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೂ ಇಲ್ಲ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ರೂಪಾಯಿ ದಾಟಿರಬಾರದು. ಏಳನೇ ಕ್ಲಾಸಿನಲ್ಲಿ ಶೇ 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ 50. ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತನೇ ಕ್ಲಾಸಿನಿಂದ ಎರಡನೇ ಪಿಯುಸಿ ತನಕ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ದೇಶಕ್ಕೆಲ್ಲ ಸೇರಿ ಪ್ರತಿ ವರ್ಷ ಒಂದು ಲಕ್ಷ ಮಕ್ಕಳಿಗೆ, ಅದರಲ್ಲಿ ಕರ್ನಾಟಕದ ಪಾಲು 5,534.

ನಮ್ಮ ಕಡೆ 48,000 ಅಂದರೆ ಒಂದು ಹೆಣ್ಣುಮಗು ಹತ್ತನೇ ಕ್ಲಾಸಿಗೆ ನಿಲ್ಲುತ್ತದೋ ಪಿಯುಸಿಗೆ ಹೋಗುತ್ತದೋ ಅನ್ನುವುದನ್ನು ತೀರ್ಮಾನ ಮಾಡುವ ದುಡ್ಡು. ತಿಂಗಳಿಗೆ ಸಾವಿರ ರೂಪಾಯಿ ಮಗಳ ಹೆಸರಲ್ಲೇ ಬರುತ್ತಿದೆ ಅಂದರೆ ಅಜ್ಜಿಯಂದಿರ ಮಾತೂ ಬದಲಾಗುತ್ತದೆ.

ಈಗ ನಾನು ಕಂಡಿದ್ದು ಹೇಳುತ್ತೇನೆ.

ಎಂಟು ವರ್ಷದ ಹಿಂದೆ ಒಬ್ಬ ಗಣಿತದ ಮೇಡಂ ಹಳೆಯ ಎನ್‌ಎಂಎಂಎಸ್ ಪ್ರಶ್ನೆಪತ್ರಿಕೆ ತಂದು ಇಪ್ಪತ್ತು ಸೆಟ್ ಜೆರಾಕ್ಸ್ ಮಾಡಿಸಿದರು. ದುಡ್ಡು ತಮ್ಮ ಪರ್ಸಿನಿಂದಲೇ ಕೊಟ್ಟರು. ಆ ವರ್ಷ ನಮ್ಮ ಶಾಲೆಯಿಂದ ಮೂವರು ಆಯ್ಕೆಯಾದರು. ಮುಂದಿನ ವರ್ಷವೂ ಇಬ್ಬರು. ಆಮೇಲೆ ಮೇಡಂಗೆ ವರ್ಗ ಆಯಿತು. ಅವರ ಜೊತೆ ಎನ್‌ಎಂಎಂಎಸ್ ಕೂಡ ವರ್ಗ ಆಯಿತು. ನಾಲ್ಕು ವರ್ಷ ಒಂದು ಮಗುವೂ ಆಯ್ಕೆಯಾಗಲಿಲ್ಲ, ಯಾಕೆ ಅಂತ ಯಾರೂ ಕೇಳಲೂ ಇಲ್ಲ. ಕೇಳುವವರು ಯಾರಿದ್ದಾರೆ ಹೇಳಿ?

ಇದಕ್ಕೆ ಕಾರಣ ಮೇಷ್ಟ್ರುಗಳ ಸೋಮಾರಿತನ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ನಮ್ಮ ರಾಜ್ಯದಲ್ಲಿ ಹೆಚ್ಚಿನ ಕಡೆ ಏಳನೇ ಕ್ಲಾಸು ಮುಗಿದರೆ ಮಗು ಶಾಲೆ ಬದಲಾಯಿಸುತ್ತದೆ. ಊರಿನ ಪ್ರೈಮರಿ ಬಿಟ್ಟು ಎರಡು ಮೂರು ಮೈಲಿ ಆಚೆಯ ಹೈಸ್ಕೂಲಿಗೆ ಬರುತ್ತದೆ. ಏಳು ವರ್ಷ ಆ ಮಗುವನ್ನು ನೋಡಿದ ಪ್ರೈಮರಿ ಮೇಷ್ಟ್ರಿಗೆ ಗೊತ್ತು, ಇವಳು ಲೆಕ್ಕದಲ್ಲಿ ಚುರುಕು, ಅಪ್ಪನಿಗೆ ಎರಡು ಎಕರೆ ಖುಷ್ಕಿ, ಅಷ್ಟೇ. ಆದರೆ ಪರೀಕ್ಷೆ ಎಂಟನೇ ಕ್ಲಾಸಿಗೆ, ಹಾಗಾಗಿ ಅದು ಅವರ ಕೆಲಸ ಅಲ್ಲ. ಹೈಸ್ಕೂಲಿನವರಿಗೆ ಈ ಮಗು ಹೊಸದು. ಹೆಸರು ನೆನಪಾಗುವ ಹೊತ್ತಿಗೆ ದಸರಾ ರಜೆ ಬರುತ್ತದೆ. ರಜೆ ಮುಗಿಯುವ ಹೊತ್ತಿಗೆ ಹತ್ತನೇ ಕ್ಲಾಸಿನ ವಿಶೇಷ ತರಗತಿ ಶುರು. ಪರೀಕ್ಷೆ ಬರುವುದು ಚಳಿಗಾಲದ ಒಂದು ಭಾನುವಾರ. ಈ ಎರಡು ಶಾಲೆಗಳ ನಡುವಿನ ರಸ್ತೆಯಲ್ಲೇ ನಮ್ಮ ಮಕ್ಕಳ ಸ್ಕಾಲರ್‌ಶಿಪ್ ಕಳೆದುಹೋಗುತ್ತಿದೆ ಸರ್.

ಇನ್ನೊಂದು ತಮಾಷೆ ಕೇಳಿ. ಪರೀಕ್ಷೆಗೆ ಏಳನೇ ಕ್ಲಾಸಿನ ಪಾಠವೂ ಬರುತ್ತದೆ. ಮಕ್ಕಳ ಹತ್ತಿರ ಏಳನೇ ಕ್ಲಾಸಿನ ಪುಸ್ತಕವೇ ಇರುವುದಿಲ್ಲ! ಏಪ್ರಿಲ್‌ನಲ್ಲಿ ರಜೆ ಕೊಟ್ಟ ದಿನ ಅರ್ಧ ಮಕ್ಕಳು ತಂಗಿಗೋ ಪಕ್ಕದ ಮನೆಯವರಿಗೋ ಕೊಟ್ಟಿರುತ್ತಾರೆ, ಉಳಿದದ್ದು ಗುಜರಿಗೆ ಹೋಗಿರುತ್ತದೆ. ಕೊನೆಗೆ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಿಂದ ಪಿಡಿಎಫ್ ಇಳಿಸಿ ನನ್ನ ಹತ್ತಿರ ಪ್ರಿಂಟ್ ಹಾಕಿಸುತ್ತಾರೆ. ವಿಜ್ಞಾನದ ಪುಸ್ತಕ ಪೂರ್ತಿ ತೆಗೆದರೆ ಎಷ್ಟಾಗುತ್ತದೆ ಗೊತ್ತಲ್ಲ? ನನಗೆ ವ್ಯಾಪಾರ, ನಿಜ. ಆದರೆ ಬಿಟ್ಟಿ ಸಿಕ್ಕಿದ ಪುಸ್ತಕಕ್ಕೆ ಕೂಲಿಯವನ ಜೇಬಿನಿಂದ ದುಡ್ಡು ತೆಗೆದುಕೊಳ್ಳುವಾಗ ಕೈ ಹಿಂದೆ ಬರುತ್ತದೆ.

ಅರ್ಜಿಯ ಕಥೆಯೂ ಹೀಗೇ. ಮೂರು ವರ್ಷದ ಹಿಂದೆ ಒಂದು ಶನಿವಾರ ಮಧ್ಯಾಹ್ನ ನಾಲ್ಕು ಜನ ಅಪ್ಪಂದಿರು ಒಟ್ಟಿಗೆ ಬಂದರು. ಸೋಮವಾರ ಅರ್ಜಿಗೆ ಕೊನೇ ದಿನವಂತೆ. ಸುತ್ತೋಲೆ ವಾಟ್ಸಾಪ್ ಗ್ರೂಪಿಗೆ ಬಂದು ಹದಿನೈದು ದಿನ ಆಗಿತ್ತು, ಮಕ್ಕಳಿಗೆ ಹೇಳಿದ್ದು ಹಿಂದಿನ ದಿನ. ಮೂವರ ಹತ್ತಿರ ಚಾಲ್ತಿಯಲ್ಲಿರುವ ಆದಾಯ ಪ್ರಮಾಣಪತ್ರ ಇರಲಿಲ್ಲ. ಒಬ್ಬರದು ಇತ್ತು, ಅದರಲ್ಲಿ ಮಗಳ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ನಾಡಕಚೇರಿ ಸೋಮವಾರವೇ ತೆಗೆಯುವುದು. ಸೋಮವಾರ ಹೋದರೆ ಸರ್ವರ್ ಇಲ್ಲ. ಆ ನಾಲ್ಕು ಮಕ್ಕಳಲ್ಲಿ ಒಬ್ಬರೂ ಪರೀಕ್ಷೆ ಬರೆಯಲಿಲ್ಲ. ಒಬ್ಬ ಅಪ್ಪ ಹೊರಡುವಾಗ ನನ್ನ ಅಂಗಡಿಯ ಕಲ್ಲಿನ ಮೇಲೆ ಕೂತು ಮಗಳ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡನ್ನು ಕವರಿಗೆ ವಾಪಸ್ ತುಂಬುತ್ತಿದ್ದರು. ಎ ಪ್ಲಸ್ ಇತ್ತು ಅದರಲ್ಲಿ. "ಹೋಗ್ಲಿ ಬಿಡಿ ತಾಯಿ, ನಮಗೆ ಇದೆಲ್ಲ ಎಲ್ಲಿ" ಅಂದರು. ನನಗೆ ಸಿಟ್ಟು ಬಂದಿದ್ದು ಆ ಮಾತಿಗೆ.

ಆ ವರ್ಷದಿಂದ ಭಾನುವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಂಟನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದೇನೆ. ನಾನು ಓದಿದ್ದು ಬಿಕಾಂ, ಪಾಠ ಮಾಡುವ ತರಬೇತಿ ಏನೂ ಇಲ್ಲ. ಹಳೆಯ ಪ್ರಶ್ನೆಪತ್ರಿಕೆ, ಉತ್ತರದ ಹಾಳೆ, ಒಂದು ಗೋಡೆ ಗಡಿಯಾರ, ಅಷ್ಟೇ ನಮ್ಮ ಸಾಮಾನು. ಆದರೆ ಮೊದಲ ಭಾನುವಾರವೇ ನನಗೆ ಅರ್ಥವಾಗಿದ್ದು, ಈ ಮಕ್ಕಳಿಗೆ ಬುದ್ಧಿ ಕಡಿಮೆ ಇಲ್ಲ, ಈ ಥರದ ಪರೀಕ್ಷೆಯ ಪರಿಚಯವೇ ಇಲ್ಲ ಅನ್ನುವುದು.

ಓಎಂಆರ್ ಹಾಳೆಯ, ಅಂದರೆ ಸರಿ ಉತ್ತರದ ಗುಂಡಗನ್ನು ಪೆನ್ನಿನಿಂದ ತುಂಬುವ ಉತ್ತರದ ಹಾಳೆಯ ಜೆರಾಕ್ಸ್ ಕೈಗೆ ಕೊಟ್ಟೆ. ಒಬ್ಬ ಹುಡುಗ ಮೊದಲು ಸ್ಕೇಲು ತೆಗೆದು ಎಡಗಡೆ ಮಾರ್ಜಿನ್ ಹಾಕಿದ! ಪಾಪ, ಪರೀಕ್ಷೆ ಅಂದರೆ ಮಾರ್ಜಿನ್ ಅಂತಲೇ ಅವನಿಗೆ ಗೊತ್ತಿರುವುದು. ಇನ್ನೊಬ್ಬಳು ಗುಂಡಗಿನ ಒಳಗೆ ಟಿಕ್ ಹಾಕಿದಳು. ಮತ್ತೊಬ್ಬ ಜೆಲ್ ಪೆನ್ನಿನಲ್ಲಿ ತುಂಬಿ ಅಂಗೈಯಿಂದ ಒರೆಸಿಕೊಂಡು ಇಡೀ ಸಾಲು ನೀಲಿ ಮಾಡಿದ. ತಪ್ಪಾಯಿತು ಅಂತ ಬ್ಲೇಡಿನಿಂದ ಕೆರೆದವರೂ ಇದ್ದರು. ಇದೆಲ್ಲ ನನ್ನ ಕೋಣೆಯಲ್ಲಿ ಆದ್ದರಿಂದ ಎರಡು ರೂಪಾಯಿಯ ಹಾಳೆ ಹೋಯಿತು. ಪರೀಕ್ಷೆ ಹಾಲಿನಲ್ಲಿ ಆಗಿದ್ದರೆ?

ಆಮೇಲೆ ಹೊತ್ತಿನ ಲೆಕ್ಕ. ಎರಡು ಪತ್ರಿಕೆ, ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಾಠದ್ದು. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಒಂದು ಪ್ರಶ್ನೆಗೆ ಒಂದೇ ನಿಮಿಷ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕಲಿಸಿರುವುದು ನಿಧಾನವಾಗಿ, ಅಂದವಾಗಿ ಬರೆಯಬೇಕು ಅಂತ. ಅದು ಒಳ್ಳೆಯದೇ. ಆದರೆ ಇಲ್ಲಿ ಗೊತ್ತಿಲ್ಲದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿ, ಕೊನೆಗೆ ವಾಪಸ್ ಬರುವುದನ್ನು ಕಲಿಯಬೇಕು. ಒಬ್ಬ ಹುಡುಗಿ, ತುಂಬಾ ಜಾಣೆ, ನಿಜವಾದ ಪರೀಕ್ಷೆಯಲ್ಲಿ 31 ಪ್ರಶ್ನೆ ಖಾಲಿ ಬಿಟ್ಟು ಬಂದಳು. ಮಕ್ಕಳು ನನ್ನ ಕೋಣೆಗೆ ಬರಲು ಶುರು ಮಾಡುವ ಮೊದಲಿನ ವರ್ಷದ ಹುಡುಗಿ ಅವಳು, ಅಂಗಡಿಗೆ ಪೆನ್ನು ತೆಗೆದುಕೊಳ್ಳಲು ಬಂದಾಗ ಹೇಳಿದಳು. ಯಾಕಮ್ಮಾ ಬಿಟ್ಟೆ ಅಂದರೆ, "ಗೊತ್ತಿಲ್ದೆ ಹಾಕಿದ್ರೆ ತಪ್ಪಾಗಲ್ವಾ ಆಂಟಿ, ಬೈತಾರೆ" ಅಂದಳು. ಈ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. 31 ಗುಂಡಗು ಸುಮ್ನೆ ತುಂಬಿದ್ದರೂ ಏಳೆಂಟು ಸರಿಯಾಗುತ್ತಿದ್ದವೋ ಏನೋ. ಎರಡೂ ಪತ್ರಿಕೆ ಸೇರಿ 180ಕ್ಕೆ ಶೇ 40, ಅಂದರೆ 72 ಬಂದರೆ ಸಾಮಾನ್ಯ ವರ್ಗಕ್ಕೆ ಪಾಸು, ಪರಿಶಿಷ್ಟರಿಗೆ ಶೇ 32 ಸಾಕು. ಪಾಸಾದವರಲ್ಲಿ ಮೇಲಿನವರಿಗೆ ಸ್ಕಾಲರ್‌ಶಿಪ್. ಇಂಥ ಕಡೆ ಏಳೆಂಟು ಅಂಕ ಅಂದರೆ ಏನು ಅಂತ ನಿಮಗೆ ಗೊತ್ತು.

ಬೌದ್ಧಿಕ ಸಾಮರ್ಥ್ಯದ ಪತ್ರಿಕೆ ನೋಡಿದರೆ ಮಕ್ಕಳು ಮೊದಲು ಹೆದರುತ್ತಾರೆ. ಯಾಕೆಂದರೆ ಅದು ಯಾವ ಪಾಠದಲ್ಲೂ ಇಲ್ಲ. ಎರಡು ವಾರ ಕೂತರೆ ಅದೇ ಅವರಿಗೆ ಆಟ. 2, 6, 12, 20, 30, ಮುಂದೇನು ಅಂತ ಕೇಳಿದೆ. ಒಬ್ಬಳು "4, 6, 8, 10 ಜಾಸ್ತಿ ಆಗ್ತಾ ಬಂದಿದೆ, ಈಗ 12, ಅಂದ್ರೆ 42" ಅಂದಳು. ಹಿಂದಿನಿಂದ ಒಬ್ಬ, "ಅಲ್ಲ ಆಂಟಿ, ಒಂದೆರಡ್ಲ ಎರಡು, ಎರಡ್ಮೂರ್ಲ ಆರು, ಮೂರ್ನಾಕ್ಲ ಹನ್ನೆರಡು, ಹಂಗೆ ಆರೇಳ್ಲ ನಲವತ್ತೆರಡು" ಅಂದ. ಇಬ್ಬರೂ ಸರಿ, ಆದರೂ ಹತ್ತು ನಿಮಿಷ ಜಗಳ ಆಡಿದರು. ಕನ್ನಡಿಯಲ್ಲಿ ಗಡಿಯಾರ ನೋಡುವ ಪ್ರಶ್ನೆಗೆ ಎಲ್ಲರನ್ನೂ ಎದುರಿನ ಕಟಿಂಗ್ ಶಾಪಿಗೆ ಕರೆದುಕೊಂಡು ಹೋದೆ. ಗೋಡೆಯಲ್ಲಿ 8.20, ಕನ್ನಡಿಯಲ್ಲಿ 3.40. ಹನ್ನೊಂದು ಗಂಟೆ ಅರವತ್ತು ನಿಮಿಷದಿಂದ ಕಳೆದರೆ ಉತ್ತರ ಬರುತ್ತದೆ ಅಂತ ಅಲ್ಲೇ ನಿಂತು ಕಂಡುಹಿಡಿದರು. ಅಂಗಡಿಯವರು ಕತ್ತರಿ ಹಿಡಿದುಕೊಂಡೇ, ಇದೂ ಪರೀಕ್ಷೆಗೆ ಬರುತ್ತಾ ಅಂತ ಬೆರಗಾದರು.

ಸಂಕೇತದ ಪ್ರಶ್ನೆಗಳಲ್ಲಿ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಎಂ ಎಷ್ಟನೆಯದು ಅಂದರೆ ಕನ್ನಡ ಮಾಧ್ಯಮದ ಮಗು ಎ ಇಂದ ಬೆರಳು ಮಡಚಲು ಶುರು ಮಾಡುತ್ತದೆ, ಅಲ್ಲಿಗೇ ಅರ್ಧ ನಿಮಿಷ ಹೋಯಿತು. ಇ 5, ಜೆ 10, ಓ 15, ಟಿ 20, ವೈ 25. ಇದಿಷ್ಟನ್ನು "ಇಜೋಟಿ" ಅಂತ ಬಾಯಿಪಾಠ ಮಾಡಿಸಿದೆ. ಈಗ ಅದು ಅವರ ಗ್ಯಾಂಗಿನ ಹೆಸರು. ರಸ್ತೆಯಲ್ಲಿ ಸಿಕ್ಕರೆ ನಮಸ್ತೆ ಬದಲು ಇಜೋಟಿ ಅನ್ನುತ್ತಾರೆ.

ಎರಡು ವರ್ಷದಲ್ಲಿ ನನ್ನ ಕೋಣೆಯಿಂದ ಐದು ಮಕ್ಕಳು ಆಯ್ಕೆಯಾದರು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಬಿಕಾಂ ಓದಿದ ಅಂಗಡಿಯವಳೊಬ್ಬಳು ಭಾನುವಾರ ಎರಡು ಗಂಟೆ ಕೂತರೆ ಇಷ್ಟಾಗುತ್ತದೆ ಅಂದರೆ, ಬಿಎಡ್ ಮಾಡಿದ ಏಳು ಜನ ಮೇಷ್ಟ್ರು ಇರುವ ಶಾಲೆಯಲ್ಲಿ ಎಷ್ಟಾಗಬಹುದು? ನನಗೆ ನಾಳೆ ಹುಷಾರಿಲ್ಲದಿದ್ದರೆ ಇದೂ ನಿಂತುಹೋಗುತ್ತದೆ, ಆ ಗಣಿತದ ಮೇಡಂ ವರ್ಗವಾದಾಗ ಆದ ಹಾಗೆ. ಒಬ್ಬರ ಒಳ್ಳೆಯತನದ ಮೇಲೆ ಮಕ್ಕಳ 48,000 ರೂಪಾಯಿ ನಿಂತಿರಬಾರದು ಸರ್.

ಮೇಷ್ಟ್ರುಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. 2025ರ ದಸರಾ ರಜೆಯಲ್ಲಿ ರಾಜ್ಯದ ಜಾತಿ ಸಮೀಕ್ಷೆಗೆ ಮನೆ ಮನೆ ಸುತ್ತಿದ್ದು ಅವರೇ, ಅದಕ್ಕಾಗಿ ಶಾಲೆ ರಜೆ ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು. ಚುನಾವಣೆ ಬಂದರೆ ಅವರೇ, ಮತದಾರರ ಪಟ್ಟಿಗೂ ಅವರೇ. ಹಾಗಾಗಿ ಇನ್ನೊಂದು ಹೊಸ ಕಾರ್ಯಕ್ರಮ, ಅದಕ್ಕೊಂದು ಫೋಟೋ, ಅದಕ್ಕೊಂದು ವರದಿ ಅಂತ ದಯವಿಟ್ಟು ಮಾಡಬೇಡಿ. ನಾನು ಕೇಳುತ್ತಿರುವುದಕ್ಕೆ ಹೊಸ ದುಡ್ಡೂ ಬೇಡ.

ಮೊದಲನೆಯದಾಗಿ, ಈ ಕೆಲಸ ಏಳನೇ ಕ್ಲಾಸಿನಲ್ಲೇ ಶುರುವಾಗಲಿ. ಮಾರ್ಚ್‌ನಲ್ಲಿ ಪ್ರೈಮರಿ ಶಾಲೆಯವರು ಶೇ 55, ಶೇ 50 ದಾಟಬಹುದಾದ ಮಕ್ಕಳ ಒಂದು ಪಟ್ಟಿ ಮಾಡಿ, ಟಿಸಿ ಜೊತೆ ಹೈಸ್ಕೂಲಿಗೆ ಕಳಿಸಲಿ. ಆದಾಯ ಪ್ರಮಾಣಪತ್ರ ಬೇಸಿಗೆ ರಜೆಯಲ್ಲೇ ಮಾಡಿಸಿಕೊಳ್ಳಿ ಅಂತ ಪೋಷಕರಿಗೆ ಹೇಳಲಿ. ಹೇಗೂ ಹೈಸ್ಕೂಲು ಸೇರಿಸಲು ಕಾಗದ ಪತ್ರ ಹುಡುಕುವ ಕಾಲ ಅದು. ಆಧಾರ್, ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಆಗಲೇ ನೋಡಿದರೆ ಅರ್ಜಿಯ ಕೊನೇ ದಿನ ಯಾರೂ ಅಳಬೇಕಿಲ್ಲ.

ಜೂನ್‌ನಲ್ಲಿ ಹೈಸ್ಕೂಲಿನಲ್ಲಿ ಸೇತುಬಂಧ ನಡೆಯುತ್ತದಲ್ಲ, ಏಳನೇ ಕ್ಲಾಸಿನ ಪಾಠವನ್ನೇ ಮತ್ತೆ ನೋಡುವ ಕಾಲ. ಅದರಲ್ಲೇ ಈ ಪರೀಕ್ಷೆಯ ಅರ್ಧ ತಯಾರಿ ಇದೆ, ಬೇರೆ ಏನೂ ಮಾಡಬೇಕಿಲ್ಲ. ಎಂಟನೇ ಕ್ಲಾಸಿನ ಒಂದೇ ಒಂದು ಎಫ್‌ಎ ಪರೀಕ್ಷೆಯನ್ನು (ವರ್ಷದ ನಡುವೆ ಶಾಲೆಯಲ್ಲೇ ನಡೆಯುವ ಕಿರು ಪರೀಕ್ಷೆ) ಓಎಂಆರ್ ಹಾಳೆಯಲ್ಲಿ ಮಾಡಿಸಿ. ಎಲ್ಲ ಮಕ್ಕಳಿಗೂ ಮಾಡಿಸಿ, ಬರೀ ಜಾಣರಿಗಲ್ಲ. ಮುಂದೆ ಇವರು ಸಿಇಟಿ ಬರೆಯಲಿ, ಪೊಲೀಸ್ ಪರೀಕ್ಷೆ ಬರೆಯಲಿ, ಗುಂಡಗು ತುಂಬುವುದು ತಪ್ಪುವುದಿಲ್ಲ. ಹಾಳೆಯ ಖರ್ಚು ನಮ್ಮ ಶಾಲೆಗಾದರೆ ನಾನೇ ಕೊಡುತ್ತೇನೆ. ವಾರಕ್ಕೊಂದು ಪೀರಿಯಡ್ ಬೌದ್ಧಿಕ ಸಾಮರ್ಥ್ಯಕ್ಕೆ ಸಿಕ್ಕರೆ ಇನ್ನೂ ಒಳ್ಳೆಯದು.

ಇಲ್ಲಿ ಒಂದು ಹೆದರಿಕೆಯನ್ನೂ ಹೇಳಿಬಿಡುತ್ತೇನೆ. ನೀವು ಇದನ್ನು ಗಂಭೀರವಾಗಿ ತೆಗೆದುಕೊಂಡ ಮರುದಿನ ಯಾವ ಶಾಲೆಯಿಂದ ಶೇಕಡಾ ಎಷ್ಟು ಆಯ್ಕೆ ಅಂತ ಪಟ್ಟಿ ಶುರುವಾಗಬಹುದು. ಆಗ ಶಾಲೆಗಳು ಐದು ಜನ ಜಾಣರನ್ನು ಮಾತ್ರ ಆರಿಸಿ ಅರ್ಜಿ ಹಾಕಿಸುತ್ತವೆ. ಈಗಲೂ ಕೆಲವು ಕಡೆ ಹಾಗೆ ಆಗುತ್ತಿರುವುದನ್ನು ನಾನು ನೋಡಿದ್ದೇನೆ. ನನ್ನ ಕೋಣೆಯಲ್ಲಿ ಆಯ್ಕೆಯಾದ ಐವರಲ್ಲಿ ಇಬ್ಬರು ಶಾಲೆಯ ಜಾಣರ ಪಟ್ಟಿಯಲ್ಲಿ ಇರಲೇ ಇಲ್ಲ. ಒಬ್ಬನಂತೂ ಕೊನೇ ಬೆಂಚು. ಹಾಗಾಗಿ ಕೇಳುವುದಾದರೆ ಎಷ್ಟು ಜನ ಆಯ್ಕೆಯಾದರು ಅಂತ ಕೇಳಬೇಡಿ. ಅರ್ಹತೆ ಇದ್ದವರಲ್ಲಿ ಎಷ್ಟು ಜನರಿಗೆ ಅರ್ಜಿ ಹಾಕಿಸಿದಿರಿ, ಎಷ್ಟು ಜನ ಹೋಗಿ ಬರೆದರು ಅಂತ ಕೇಳಿ.

ಹೋಗಿ ಬರೆಯುವುದೂ ಸಣ್ಣ ವಿಷಯ ಅಲ್ಲ. ಕೇಂದ್ರ ಇರುವುದು ತಾಲ್ಲೂಕಿನಲ್ಲಿ, ಪರೀಕ್ಷೆ ಭಾನುವಾರ. ನಮ್ಮ ಕಡೆ ಭಾನುವಾರ ಬೆಳಗ್ಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ಇಲ್ಲ, ಹುಡುಗರಿಗೆ ಇದೆ. ಬಿಸಿಯೂಟ ಆ ದಿನ ಇರುವುದಿಲ್ಲ. ಎರಡು ಪತ್ರಿಕೆಯ ನಡುವೆ ಮಕ್ಕಳು ಕಾಂಪೌಂಡ್ ಪಕ್ಕ ಕೂತು ತಣ್ಣಗಾದ ಚಿತ್ರಾನ್ನ ತಿನ್ನುತ್ತಾರೆ. ಡಬ್ಬಿ ತರದವರು ಬನ್ನು. ಹಿಂದಿನ ವರ್ಷ ಒಂದು ಹುಡುಗಿ ಏನೂ ತಿನ್ನದೆ ಎರಡನೇ ಪತ್ರಿಕೆ ಬರೆದಳು. ಒಂದು ಹೊತ್ತಿನ ಊಟ, ಶಾಲೆಯಿಂದ ಜೊತೆಗೆ ಹೋಗಲು ಒಬ್ಬರು ದೊಡ್ಡವರು, ಇಷ್ಟು ಸಿಕ್ಕರೆ ಬೇರೆಯೇ ಆಗುತ್ತದೆ.

ಕೊನೆಯದಾಗಿ ಆಯ್ಕೆಯಾದ ಮೇಲಿನ ಮಾತು. ದುಡ್ಡು ತಾನಾಗಿ ನಾಲ್ಕು ವರ್ಷ ಬರುತ್ತದೆ ಅಂತ ಪೋಷಕರು ಅಂದುಕೊಂಡಿರುತ್ತಾರೆ. ಪ್ರತಿ ವರ್ಷ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನವೀಕರಣ ಆಗಬೇಕು, ಶಾಲೆಯವರು ಒಂದು ಸಲ, ಜಿಲ್ಲೆಯಲ್ಲಿ ಒಂದು ಸಲ ಪರಿಶೀಲನೆ ಮಾಡಬೇಕು. ನಮ್ಮಲ್ಲಿ ಆಯ್ಕೆಯಾದ ಒಬ್ಬ ಹುಡುಗನಿಗೆ ಹತ್ತನೇ ಕ್ಲಾಸಿನಲ್ಲಿ ದುಡ್ಡೇ ಬರಲಿಲ್ಲ. ಹೆಡ್‌ಮಾಸ್ಟರ್ ಬದಲಾಗಿದ್ದರು, ಲಾಗಿನ್ ಪಾಸ್‌ವರ್ಡ್ ಯಾರ ಹತ್ತಿರವೂ ಇರಲಿಲ್ಲ, ಪಾಸ್‌ವರ್ಡ್ ಸಿಗುವ ಹೊತ್ತಿಗೆ ದಿನ ಮುಗಿದಿತ್ತು. ಪರೀಕ್ಷೆ ಗೆದ್ದ ಮಗು ಪಾಸ್‌ವರ್ಡಿಗೆ ಸೋತಿತು. ಪಿಯುಸಿಗೆ ಹೋಗುವಾಗ ಮತ್ತೆ ಶಾಲೆ ಬದಲು, ಮತ್ತೆ ಅದೇ ಕಥೆ. ಎಸ್‌ಎಸ್‌ಎಲ್‌ಸಿಯಲ್ಲಿ ಶೇ 60, ಪರಿಶಿಷ್ಟರಿಗೆ ಶೇ 55 ಬಂದರೆ ಮಾತ್ರ ಮುಂದುವರಿಯುತ್ತದೆ ಅನ್ನುವುದೂ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಎರಡನೇ ಹಂತದ ಪರಿಶೀಲನೆ ಜಿಲ್ಲೆಯಲ್ಲೇ ಆಗುವುದರಿಂದ, ಯಾವ ಮಗುವಿನ ನವೀಕರಣ ಬಂದಿಲ್ಲ ಅಂತ ಕೊನೇ ದಿನಕ್ಕೆ ಹದಿನೈದು ದಿನ ಮೊದಲೇ ನಿಮ್ಮ ಕಚೇರಿಯಿಂದ ಶಾಲೆಗೆ ಒಂದು ಫೋನ್ ಹೋಗಲಿ. ಇಷ್ಟೇ ನನ್ನ ಕೇಳಿಕೆ.

ನೀವು ನಮ್ಮ ತಾಲ್ಲೂಕಿಗೆ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಬನ್ನಿ. ಹಿಂದಿನ ಕೋಣೆಯಲ್ಲಿ ಈ ವರ್ಷ ಹದಿನೇಳು ಮಕ್ಕಳಿದ್ದಾರೆ. ಕೂರಲು ಕುರ್ಚಿ ಇಲ್ಲ, ಚಾಪೆ ಇದೆ. ಅವರು ನಿಮಗೆ ಒಂದು ಸರಣಿ ಕೊಟ್ಟು ಮುಂದಿನ ಸಂಖ್ಯೆ ಕೇಳಬಹುದು, ಒಂದೇ ನಿಮಿಷ ಟೈಮ್ ಕೊಡುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ಹೈಸ್ಕೂಲ್ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವಳು

ಮರೆತಿದ್ದೆ: ಏಪ್ರಿಲ್‌ನಲ್ಲಿ ರಜೆ ಕೊಡುವ ಮೊದಲು ಏಳನೇ ಕ್ಲಾಸಿನ ಮಕ್ಕಳಿಗೆ, ವಿಜ್ಞಾನ, ಸಮಾಜ, ಗಣಿತದ ಪುಸ್ತಕ ಯಾರಿಗೂ ಕೊಡಬೇಡಿ, ಗುಜರಿಗೂ ಹಾಕಬೇಡಿ ಅಂತ ಎಲ್ಲ ಪ್ರೈಮರಿ ಶಾಲೆಯಲ್ಲೂ ಒಂದು ಮಾತು ಹೇಳಿಸಿ. ನನಗೆ ಪ್ರಿಂಟಿನ ವ್ಯಾಪಾರ ಸ್ವಲ್ಪ ಕಡಿಮೆಯಾಗುತ್ತದೆ, ಪರವಾಗಿಲ್ಲ.